ತಪ್ಪಲೆ ತೊಳೆದ ನೀರು

ಸಂಜೆ ಆರೂಕಾಲು ಗಂಟೆ. ಸರಿಯಾಗಿ ಹಣ್ಣಾಗದ ಅನಾನಸಿನ ಹುಳಿವಾಸನೆ ಎಲ್ಲಿ ಬಂದರೂ ನನಗೆ ಆ ಹೊತ್ತೇ ನೆನಪಾಗುತ್ತದೆ. ಮೊನ್ನೆ ಸಾಗರದಲ್ಲಿ ತಮ್ಮನ ಮಗಳು ಫ್ರಿಜ್ಜಿನಿಂದ ಹಣ್ಣಿನ ಬಟ್ಟಲು ತೆಗೆದು ಮುಂದಿಟ್ಟಳು. ಗಾಜಿನ ಬಟ್ಟಲು, ಹೊರಗೆಲ್ಲ ತಣ್ಣನೆಯ ಬೆವರು. ಚಮಚ ಹಿಡಿಯುವ ಮೊದಲು ನಾನು ಬಟ್ಟಲನ್ನು ಎತ್ತಿ ತಳ ನೋಡಿದೆ.

"ಎಂತ ಅತ್ತೆ, ಹುಳ ಗಿಳ ಇದ್ಯಾ?" ಎಂದು ನಕ್ಕಳು. ಅವಳಿಗೆ ಎಲ್ಲಿಂದ ಹೇಳಲಿ...

ಅರವತ್ತರ ದಶಕದ ನಡುವಿನ ಮಾತು. ಹೊಸನಗರದ ನಮ್ಮ ಮನೆಯ ಹೊರಕೋಣೆಯಲ್ಲಿ ಒಬ್ಬ ಟೀಚರಮ್ಮ ಬಾಡಿಗೆಗೆ ಇದ್ದರು. ಜೈನರು, ಒಂಟಿ ಜೀವ. ನನಗೆ ಅಕ್ಷರ ಕಲಿಸಿದವರೂ ಅವರೇ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದರು. ಆಮೇಲೆ ಬೆಳಗಿನವರೆಗೆ ಒಂದು ಗುಟುಕು ನೀರೂ ಇಲ್ಲ. ಪಾತ್ರೆಯಲ್ಲಿ ಸಿಹಿ ಉಳಿಸುತ್ತಿರಲಿಲ್ಲ. ಉಳಿದರೆ ರಾತ್ರಿ ಇರುವೆ ಬಂದು ಬಿದ್ದು ಸಾಯುತ್ತವೆ ಎಂದು ಪಾತ್ರೆಗೆ ನೀರು ಹಾಕಿ, ಬೆರಳಿನಿಂದ ತಳ ತೊಳೆದು, ಆ ನೀರನ್ನು ತಾವೇ ಕುಡಿದುಬಿಡುತ್ತಿದ್ದರು.

ಬೇಸಿಗೆ ಬಂತೆಂದರೆ ಅವರ ಜೊತೆ ಸಂತೆಗೆ ಹೋಗುವುದು ನನ್ನ ಪಾಲಿನ ಸಂಭ್ರಮ. ಹಣ್ಣನ್ನು ಒತ್ತಿ ನೋಡಿದರೆ ಅವರಿಗೆ ಸಿಟ್ಟು. "ಅದೆಂತ ನಿನ್ನ ತಮ್ಮನ ಕೆನ್ನೆಯಾ ಹಿಂಡೋಕೆ? ತೊಟ್ಟಿನ ಹತ್ರ ಮೂಸು" ಎನ್ನುತ್ತಿದ್ದರು. ಮಾವಿಗೆ ತೊಟ್ಟು, ಅನಾನಸಿಗೆ ಬುಡ. ಬುಡದ ಕಣ್ಣುಗಳು ಹಳದಿಗೆ ತಿರುಗಿ, ಮೂಗಿನ ಹತ್ತಿರ ತಂದಾಗ ಸಿಹಿ ವಾಸನೆ ತಾನಾಗಿ ಬರಬೇಕು. "ಟೀಚ್ರೇ, ತಗಳ್ತೀರೋ, ಬರೀ ಮೂಸಿ ಹೋಗ್ತೀರೋ?" ಎಂದು ಹಣ್ಣಿನವಳು ಕೆಣಕಿದರೆ, "ಮೂಸಿದ್ದಕ್ಕೂ ದುಡ್ಡು ಕೇಳ್ಬೇಡ ಮಾರಾಯ್ತಿ" ಎಂದು ಇವರ ಉತ್ತರ. ಹಾಗೆ ಆರಿಸಿದ ಹಣ್ಣು ಹೆಚ್ಚಿ, ಕಾಯಿಹಾಲು, ಬೆಲ್ಲ, ಏಲಕ್ಕಿ ಸೇರಿಸಿ, ಪಿಂಗಾಣಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹಗ್ಗದಲ್ಲಿ ಬಾವಿಗೆ ಇಳಿಬಿಡುತ್ತಿದ್ದರು. ಭರಣಿಯ ಹೊಟ್ಟೆ ನೀರಿಗೆ ತಾಗುವಷ್ಟು. ಸಂಜೆಗೆ ಮೇಲೆ ಎಳೆದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ರಸಾಯನ.

ನನ್ನ ಬಿ.ಎ. ಪಾಸಾದ ಸುದ್ದಿ ಬಂದ ದಿನ ಅಪ್ಪ ತಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದರು. ಅಮ್ಮನಿಗೆ ಅವತ್ತೇ ರಸಾಯನ ಆಗಬೇಕು, ಅಕ್ಕಪಕ್ಕದವರಿಗೂ ಮರುದಿನ ಹಂಚುವಷ್ಟು. ಮಾವು ಸಾಲದೆ ಅಂಗಡಿಯಿಂದ ಎರಡು ಅನಾನಸು ತರಿಸಿದೆವು. ಟೀಚರಮ್ಮ ಬುಡ ಮೂಸಿ ಮುಖ ಕಿವುಚಿದರು. "ಇದಕ್ಕಿನ್ನೂ ಎರಡು ದಿನ ಬೇಕಿತ್ತು."

"ಬೆಲ್ಲ ಜಾಸ್ತಿ ಹಾಕಿದ್ರಾಯ್ತು ಟೀಚ್ರೇ, ಪಾಸಾದವ್ಳು ಎರಡು ದಿನ ಕಾಯ್ತಾಳಾ?" ಎಂದರು ಅಮ್ಮ.

ಅಷ್ಟು ರಸಾಯನಕ್ಕೆ ಭರಣಿ ಸಾಲಲಿಲ್ಲ. ಅಮ್ಮ ಮನೆಯ ಹಿತ್ತಾಳೆ ತಪ್ಪಲೆ ಕೊಟ್ಟರು. ಬೆಳಿಗ್ಗೆಯಷ್ಟೇ ಹುಣಸೆಹುಳಿ, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿ ಚಿನ್ನದ ಹಾಗೆ ಹೊಳೆಯಿಸಿದ್ದು. ಹೊಳೆಯುತ್ತಿತ್ತು, ಆದ್ದರಿಂದ ನಾವು ಮೂವರೂ ಅದನ್ನು ಶುದ್ಧ ಎಂದುಕೊಂಡೆವು. ಹಿತ್ತಾಳೆಯ ಒಳಮೈಗೆ ತವರದ ಕಲಾಯಿ ಹಾಕುವವನು ಆ ವರ್ಷ ನಮ್ಮ ಬೀದಿಗೆ ಬಂದಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ... ಮಧ್ಯಾಹ್ನವಿಡೀ ಅನಾನಸಿನ ಆ ಹುಳಿ ಅದರಲ್ಲೇ ಕೂತಿತ್ತು.

ಐದೂವರೆಗೆ ತಿಂದೆವು. ನಾಲಿಗೆಗೆ ಏನೋ ಒಗರು ತಾಗಿತು. "ಅನಾನಸು ಎಳೇದು, ನಾನು ಹೇಳ್ಲಿಲ್ವಾ" ಎಂದ ಟೀಚರಮ್ಮ ಎರಡನೆಯ ಬಾರಿಯೂ ಹಾಕಿಸಿಕೊಂಡರು, ನನ್ನ ಮೇಲಿನ ಪ್ರೀತಿಗೆ. ಮರುದಿನದ ಪಾಲನ್ನು ಭರಣಿಗೆ ಸುರಿದಿಟ್ಟು, ತಪ್ಪಲೆಗೆ ನೀರು ಹಾಕಿ, ತಳಕ್ಕೆ ಅಂಟಿದ್ದನ್ನೆಲ್ಲ ಬೆರಳಿನಿಂದ ಉಜ್ಜಿ ಬಿಡಿಸಿ, ಕುಡಿದರು.

ಆರೂಕಾಲಿಗೆ ನನಗೆ ಮೊದಲ ವಾಂತಿ. ಹಿಂದೆಯೇ ಅಮ್ಮನಿಗೆ. ಟೀಚರಮ್ಮ ಒಂದು ಕೈಯಲ್ಲಿ ನನ್ನ ಹಣೆ ಹಿಡಿದು, ಇನ್ನೊಂದರಲ್ಲಿ ಚೊಂಬು ಹಿಡಿದು ಇಬ್ಬರಿಗೂ ನೀರು ಕುಡಿಸಿದರು, ಹಾಲು ಕುಡಿಸಿದರು. ಹಿತ್ತಲಿನ ಮರಗಳ ಹಿಂದೆ ಬಿಸಿಲು ಕೆಂಪಾಗಿ, ಇಳಿದು, ಹೋಯಿತು. ನಮಗೆ ಕುಡಿಸುವ ಗಡಿಬಿಡಿಯಲ್ಲಿ ಟೀಚರಮ್ಮ ತಾವು ಒಂದು ಗುಟುಕೂ ಕುಡಿದಿರಲಿಲ್ಲ. ಆಮೇಲೆ ಅವರೂ ಗೋಡೆ ಹಿಡಿದು ಬಚ್ಚಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಕಲ್ಲಿನ ಮೇಲೆ ಕುಸಿದಿದ್ದರು. ಕಕ್ಕಿದ್ದು ಹಸಿರು ಬಣ್ಣಕ್ಕಿತ್ತು.

ಅಮ್ಮ ಲಾಟೀನು ತಂದು ತಪ್ಪಲೆಯೊಳಗೆ ಹಿಡಿದರು. ಬೆಳ್ಳಗಿರಬೇಕಾದ ತಳ ಹಳದಿಯಾಗಿತ್ತು. ರಸಾಯನ ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಹಸಿರು ಗೆರೆ. "ಕಿಲುಬು! ಹಿತ್ತಾಳೆ ವಿಷ!" ಎಂದು ಅಮ್ಮ ಕೂಗಿದ ದನಿ ಈಗಲೂ ಕೇಳಿಸುತ್ತದೆ. ಚಪ್ಪಲಿಯಿಲ್ಲದೆ ಡಾಕ್ಟರ ಮನೆಗೆ ಓಡಿದೆ.

ಡಾಕ್ಟರು ನಾಡಿ ಹಿಡಿದು ನೋಡಿದರು. ಬಾಯಿ ಒಣಗಿದೆ, ಕೈಕಾಲು ತಣ್ಣಗಾಗಿವೆ, ಹಾಲು ನೀರು ಕೂಡಲೇ ಒಳಗೆ ಹೋಗಬೇಕು ಎಂದರು. ಟೀಚರಮ್ಮ ತುಟಿ ಬಿಗಿದು ತಲೆ ಅಲ್ಲಾಡಿಸಿದರು.

"ಹೊತ್ತು ಮುಳುಗಿತು ಡಾಕ್ಟ್ರೇ. ಬೆಳಗಾಗ್ಲಿ."

"ಬೆಳಗಿನವರೆಗೆ ಇರ್ತೀರಿ ಅಂತ ನಾನು ಹೇಳಲಾರೆ. ಶಾಲೇಲಿ ಮಕ್ಕಳಿಗೆ ಮಾತು ಕೇಳಿ ಅಂತೀರಲ್ಲ, ಈಗ ನೀವು ಕೇಳಿ!"

"ಇಪ್ಪತ್ತು ವರ್ಷದ ವ್ರತ..." ಅಷ್ಟೇ ಹೇಳಿ ಕಣ್ಣು ಮುಚ್ಚಿದರು.

ಔಷಧಿಗೆ ದೋಷವಿಲ್ಲ ಎಂದೆ. ಬೇಡಿಕೊಂಡೆ. ಡಾಕ್ಟರು ಮತ್ತೆ ನಾಡಿ ಹಿಡಿದು, ಕೈಬಿಡದೆ ಹಾಗೇ ಕೂತರು. ಇಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದು, ಹಾಲಿನ ಲೋಟ ಹಿಡಿದು, ಟೀಚರಮ್ಮನ ತಲೆಯ ಹತ್ತಿರ ಬಂದು ಕೂತರು.

"ಇರುವೆ ಸಾಯ್ಬಾರ್ದು ಅಂತ ಅಲ್ವಾ ಆ ನೀರು ಕುಡಿದಿದ್ದು? ಹೇಳಿ ಟೀಚ್ರೇ, ನಿಮ್ಮ ಜೀವ ಇರುವೆಗಿಂತ ಸಣ್ಣದಾ?"

ಲಾಟೀನಿನ ಬತ್ತಿ ಚಟಪಟ ಎಂದಿತು. ಟೀಚರಮ್ಮನ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ಆಮೇಲೆ, ನಿಧಾನವಾಗಿ, ತುಟಿ ತೆರೆದರು.

ಬದುಕಿದರು. ಆದರೆ ಅಮ್ಮನ ನಿದ್ದೆ ಹೋಯಿತು. ರಾತ್ರಿ ಎದ್ದೆದ್ದು ಹೊರಕೋಣೆಯ ಬಾಗಿಲಿಗೆ ಕಿವಿಯಿಟ್ಟು ಟೀಚರಮ್ಮನ ಉಸಿರು ಕೇಳುತ್ತಿದ್ದರು. ಅಮ್ಮ ಏಳುವ ಸದ್ದಿಗೆ ನನಗೂ ಎಚ್ಚರ. ಕಲಾಯಿಯವನು ಕೊನೆಗೂ ಬಂದಾಗ, ಅಮ್ಮ ಆ ತಪ್ಪಲೆಯನ್ನು ಹೊರಗೆ ತೆಗೆಯಲೇ ಇಲ್ಲ.

ಟೀಚರಮ್ಮನಿಗೆ ಮುಂದೆ ತೀರ್ಥಹಳ್ಳಿಗೆ ವರ್ಗವಾಯಿತು. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಕೊನೆಯ ಬಾರಿ ಮುಖ ನೋಡಲಾಗಲಿಲ್ಲ. ಅಮ್ಮನೂ ಈಗಿಲ್ಲ. ಆ ಸಂಜೆಯನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ...

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗಾಜಿನ ಬಟ್ಟಲಿನ ಬೆವರು ಆರಿತ್ತು. "ಆಮೇಲೆ ರಸಾಯನ ಮಾಡ್ಲೇ ಇಲ್ವಾ ಅತ್ತೆ?" ಎಂದು ಕೇಳಿದಳು ತಮ್ಮನ ಮಗಳು.

ಮಾಡಿದರು. ಒಂದು ಸಲ, ಅದೇ ಬೇಸಿಗೆಯ ಕೊನೆಗೆ. ಟೀಚರಮ್ಮನೇ ಸಂತೆಗೆ ಹೋಗಿ, ಒಂದೊಂದು ಹಣ್ಣನ್ನೂ ಮೂಸಿ ತಂದು, ಭರಣಿಯಲ್ಲಿ ತಣ್ಣಗೆ ಮಾಡಿ ಅಮ್ಮನ ಮುಂದಿಟ್ಟರು. ಅಮ್ಮನ ಕೈ ಏಳಲಿಲ್ಲ.

"ತಿನ್ನಿ. ನಾನು ಆರಿಸಿದ್ದು."

"ನೀವು?"

"ನಾನು ಬಿಟ್ಟೆ. ಮಾವು, ಅನಾನಸು, ಎರಡನ್ನೂ. ಆ ರಾತ್ರಿ ಕುಡಿದ ಹಾಲಿಗೆ ಪ್ರಾಯಶ್ಚಿತ್ತ" ಎಂದರು, ನಾಳೆ ಶಾಲೆಗೆ ರಜೆ ಎನ್ನುವಷ್ಟು ಸಹಜವಾಗಿ.

ಅಮ್ಮ ಅಳುತ್ತಲೇ ತಿಂದರು. ನಾನೂ ತಿಂದೆ. ತಿಂದಾದ ಮೇಲೆ ಟೀಚರಮ್ಮ ಅಭ್ಯಾಸಬಲದಿಂದ ಭರಣಿಗೆ ಕೈ ಚಾಚಿದರು. ಅಮ್ಮ ಅದನ್ನು ಎಳೆದುಕೊಂಡು, ನೀರು ಹಾಕಿ, ತಳ ತೊಳೆದು, ಒಂದು ಹನಿ ಬಿಡದೆ ಕುಡಿದರು. ಹೊರಗೆ ಇನ್ನೂ ಬಿಸಿಲಿತ್ತು.

ಆ ರಾತ್ರಿ ಅಮ್ಮ ಉಸಿರು ಕೇಳಲು ಏಳಲಿಲ್ಲ. ನನಗೂ ಎಚ್ಚರವಾಗಲಿಲ್ಲ.