ಚಪ್ಪಲಿ ಮೇಲಿನ ಮಾತ್ರೆ ಡಬ್ಬಿ

ಎಡಿಎಚ್‌ಡಿ ಇರುವವರಿಗೆ, ಅಂದರೆ ಮನಸ್ಸು ಒಂದೆಡೆ ನಿಲ್ಲದವರಿಗೆ, ಅಭ್ಯಾಸ ಕಲಿಸುವ ಮೊಬೈಲ್ ಆ್ಯಪ್ ಮಾಡೋದು ನನ್ನ ಕೆಲಸ. ಅದನ್ನು ತೋರಿಸಲು ಅಜ್ಜಂಪುರದಲ್ಲಿ ಅದೇ ತೊಂದರೆಯಿರುವ ಟೈಲರ್ ಗಿರಿಜಕ್ಕನ ಮನೆಗೆ ಹೋಗಿದ್ದೆ.

"ದಿನಾ ಮಾತ್ರೆ ತಗೊಂಡು ಇಲ್ಲಿ ಒತ್ತಿದ್ರೆ ಒಂದು ನಕ್ಷತ್ರ ಬರುತ್ತೆ ಅಕ್ಕ. ಒಂದಿನ ಮರೆತ್ರೆ ಎಲ್ಲಾ ಅಳಿಸಿಹೋಗುತ್ತೆ" ಎಂದೆ, ಹೆಮ್ಮೆಯಿಂದಲೇ.

"ಮರೆಯೋರಿಗೆ ಅಂತ ಮಾಡಿ, ಮರೆತಿದ್ದಕ್ಕೆ ಶಿಕ್ಷೆನಾ? ನಮ್ ಸ್ಕೂಲ್ ಮೇಷ್ಟ್ರೇ ವಾಸಿ ಕಣ್ರೀ. ಎರಡೇಟು ಕೊಟ್ಟು ಸುಮ್ನಾಗೋರು, ಕಲಿತಿದ್ದನ್ನ ಅಳಿಸ್ತಿರ್ಲಿಲ್ಲ."

"ಮತ್ತೆ ನೀವು ಹೆಂಗೆ ನೆನಪಿಟ್ಕೋತೀರಿ?"

ಬಾಗಿಲ ಕಡೆ ಕೈ ತೋರಿಸಿದರು. ಅವರ ಚಪ್ಪಲಿ ಮೇಲೆ ಮಾತ್ರೆ ಡಬ್ಬಿ ಕೂತಿತ್ತು. "ಅಂಗಡಿಗೆ ಹೊರಟಾಗ ಕಾಲಿಗೆ ಸಿಕ್ಕೇ ಸಿಗುತ್ತೆ."

ಆಫೀಸಿನಲ್ಲಿ ಇದನ್ನು ಹೇಳಿದೆ. ಎರಡು ಮೀಟಿಂಗ್ ನಡೆದವು. ಈಗ ನಮ್ಮ ಆ್ಯಪ್‌ನಲ್ಲಿ ನಕ್ಷತ್ರದ ಬದಲು ಚಪ್ಪಲಿ ಬರುತ್ತೆ. ಒಂದಿನ ಮರೆತರೆ ಎಲ್ಲಾ ಚಪ್ಪಲಿ ಮಾಯ.