ಮೇಲ್ ಸರ್ವರಿಗೆ ತೇಪೆ ಹಾಕಿದ್ದು

ಪ್ರಶ್ನಾರ್ಥಕ ಚಿಹ್ನೆ ಒಂದೇ ಇದ್ದರೆ ಕುತೂಹಲ, ಎರಡಿದ್ದರೆ ಅವಸರ, ಮೂರಿದ್ದರೆ ಸಿಟ್ಟು. ನಲ್ವತ್ತು ಸಾಲಾಗಿ ನಿಂತಿದ್ದರೆ ಅದು ನಾನು ಬರೆದ ಪತ್ರವೆಂದು ನಮ್ಮ ಬಂಧುವರ್ಗದಲ್ಲಿ ಎಲ್ಲರಿಗೂ ಗೊತ್ತು. ನಾನು ಮೂಡುಬಿದಿರೆಯ ಮನೆಯಲ್ಲಿ ಕುಳಿತು ‘ಪೂಜ್ಯರಿಗೆ ಸವಿನಯ ನಮಸ್ಕಾರಗಳು’ ಎಂದು ಕೀಲಿಮಣೆ ಕುಟ್ಟಿದರೆ, ಬಿ.ಸಿ.ರೋಡಿನ ಭಾವನ ಪರದೆಯ ಮೇಲೆ ಬರೀ ಕೊಕ್ಕೆಗಳು ನೇತಾಡುತ್ತಿದ್ದವು.

ಇದರ ಹಿನ್ನೆಲೆಯನ್ನು ತಮಗೆ ಅರಿಕೆ ಮಾಡಿಕೊಳ್ಳಬೇಕು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೂವತ್ತು ವರ್ಷ ಸವೆದ ನನಗೆ ನಾನೊಬ್ಬ ಯಂತ್ರಜ್ಞನೆಂಬ ಭ್ರಮೆ ಲಾಗಾಯ್ತಿನಿಂದ ಉಂಟು. ಕುಟುಂಬದ ವಾಟ್ಸಾಪ್ ಗುಂಪು ಶುಭೋದಯಗಳ ಭಾರಕ್ಕೂ ರಾಜಕೀಯದ ಜಗಳಕ್ಕೂ ಕುಸಿದು ಮುಚ್ಚಿದಾಗ, ‘ನಮ್ಮದೇ ಮೇಲ್ ಸರ್ವರ್ ಇಡುವ’ ಎಂದು ನಾನೇ ಮುಂದೆ ಬಿದ್ದು, ಲ್ಯಾಬಿನವರು ಎಸೆಯಲಿದ್ದ ಕಂಪ್ಯೂಟರೊಂದನ್ನು ತಂದು ಉಗ್ರಾಣದಲ್ಲಿ ತೆಂಗಿನಕಾಯಿ ರಾಶಿಯ ಪಕ್ಕ ಪ್ರತಿಷ್ಠಾಪಿಸಿದೆ. ಅದರೊಳಗೆ ಹಾಕಿದ ತಂತ್ರಾಂಶವೂ ಅಷ್ಟೇ ವಯೋವೃದ್ಧ. ಅದನ್ನು ಬರೆದ ಪುಣ್ಯಾತ್ಮನಿಗೆ ಇಂಗ್ಲಿಷಿನಾಚೆ ಲಿಪಿಗಳಿವೆ ಎಂಬ ಸುದ್ದಿ ತಲುಪಿರಲಿಲ್ಲ. ಗುರುತಿಲ್ಲದ ಅಕ್ಷರ ಕಂಡಲ್ಲೆಲ್ಲ ಅದು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ನೆಟ್ಟು ಮುಂದೆ ಹೋಗುತ್ತಿತ್ತು.

ಹೆಚ್ಚಿನವರು ನಕ್ಕು ಸುಮ್ಮನಾದರು. ನಗದವರು ಒಬ್ಬರೇ, ಕಕ್ಕಿಂಜೆಯ ಸುಮತಿ ಅತ್ತೆ. ನನ್ನ ತಂದೆಯ ತಂಗಿ, ನಿವೃತ್ತ ಕನ್ನಡ ಟೀಚರು, ನನ್ನ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು. ನಮ್ಮ ಕಡೆ ಶುಭಕಾರ್ಯಕ್ಕೆ ಕರೆಯುವುದನ್ನು ‘ಹೇಳಿಕೆ’ ಎನ್ನುತ್ತಾರೆ. ಮನೆಗೆ ಹೋಗಿ, ಕುಳಿತು, ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪಕ್ಕದ ಮನೆಯವರೂ ಬರುವುದಿಲ್ಲ. ಆರು ವರ್ಷದ ಹಿಂದೆ ನಮ್ಮ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಬಂಟ್ವಾಳದ ಸಹೋದ್ಯೋಗಿಗಳ ಮನೆಮನೆಗೂ ಹೋಗಿ ಹೇಳಿಕೆ ಕೊಟ್ಟು ಬಂದ ನಾನು, ಅತ್ತೆಯೇನು ಹೊರಗಿನವರಾ ಎಂದು ಅವರಿಗೆ ಒಂದು ಇಮೇಲ್ ಕಳಿಸಿ ಕೈತೊಳೆದುಕೊಂಡೆ. ತಲುಪಿದ್ದು ಕೊಕ್ಕೆಗಳ ಸಾಲು. ಅತ್ತೆ ಬರಲಿಲ್ಲ. ಆಮೇಲೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಫೋನು ಮಾಡಿದರೆ ಚಾರ್ಮಾಡಿಯ ಮಳೆಯ ವರದಿ ಒಪ್ಪಿಸಿ ಇಟ್ಟುಬಿಡುತ್ತಿದ್ದರು. ಕೇಳಿದವರಿಗೆಲ್ಲ ನಾನು ‘ಅದು ಸಾಫ್ಟ್‌ವೇರಿನ ದೋಷ’ ಎಂದು ಗಂಭೀರವಾಗಿ ವಿವರಿಸುತ್ತಾ ಬಂದೆ.

ಕಳೆದ ವರ್ಷ ಒಂದು ದಿನ ಹೆಂಡತಿ ಸುಗುಣ, “ಅತ್ತೆಗೆ ಎಂಬತ್ತಾಗುತ್ತಾ ಬಂತು. ನಿಮ್ಮ ಕಂಪ್ಯೂಟರ್ ಸರಿಯಾಗುವವರೆಗೆ ಅವರು ಕಾಯಬೇಕಾ?” ಎಂದು ಕೇಳಿದಳು. ಬುದ್ಧಿವಂತನಾದವನು ಅಂದೇ ಕಕ್ಕಿಂಜೆಯ ಬಸ್ಸು ಹತ್ತುತ್ತಿದ್ದ. ನಾನು ಕಂಪ್ಯೂಟರ್ ಸರಿಮಾಡಲು ಕುಳಿತೆ.

ಮೂರು ವಾರ ಕುಳಿತೆ. ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದ ಸಾವಿರಾರು ಸಾಲುಗಳಲ್ಲಿ ಚಿಹ್ನೆ ನೆಡುವ ಜಾಗವನ್ನು ಹುಡುಕಿ ತೇಪೆ ಹಾಕಿದೆ. ಆಗ ಅಕ್ಷರಗಳು ಬಂದವು, ಆದರೆ ನಡುನಡುವೆ ಅಂಗಹೀನವಾಗಿ. ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಬೈಟು ಜಾಗ ಬೇಕು. ಈ ತಂತ್ರಾಂಶವೋ, ಬಿ.ಸಿ.ರೋಡಿನ ಗಡಿಬಿಡಿಯ ಕಂಡಕ್ಟರನ ಹಾಗೆ, ಸಂಸಾರದ ಇಬ್ಬರನ್ನು ಹತ್ತಿಸಿಕೊಂಡು ಮೂರನೆಯವರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಸೀಟಿ ಊದುತ್ತಿತ್ತು. ಅದಕ್ಕೂ ಒಂದು ತೇಪೆ ಬಿತ್ತು.

ಇನ್ನು ಪರೀಕ್ಷೆ. ಒತ್ತಕ್ಷರ, ದೀರ್ಘ, ಸೊನ್ನೆ ಎಲ್ಲವೂ ಇರುವ ವಾಕ್ಯ ಬೇಕಿತ್ತು. ‘ಬರುವ ಭಾನುವಾರ ಸೂರ್ಯಾಸ್ತಕ್ಕೆ ಮುನ್ನ ನಮ್ಮಲ್ಲಿ ಭೋಜನ, ತಾವು ಸಕುಟುಂಬರಾಗಿ ಆಗಮಿಸಿ ಆತಿಥ್ಯ ಸ್ವೀಕರಿಸಬೇಕು’ ಎಂದು ಬರೆದು ಇಡೀ ಬಳಗದ ಪಟ್ಟಿಗೆ ಕಳಿಸಿದೆ. ಹೇಗೂ ಕೊಕ್ಕೆಯೇ ತಾನೆ ಹೋಗುವುದು ಎಂಬ ಧೈರ್ಯ. ನನ್ನ ಕೆಲಸದ ಮೇಲೆ ನನಗಿರುವ ವಿಶ್ವಾಸ ಅಷ್ಟು.

ತೇಪೆ ನಿಂತುಬಿಟ್ಟಿತ್ತು. ಭಾನುವಾರ ನಾಲ್ಕು ಗಂಟೆಗೆ ಬಿ.ಸಿ.ರೋಡಿನ ಭಾವ ಎರಡು ಕಾರು ತುಂಬ ಜನರೊಂದಿಗೆ ಇಳಿದರು. ಹಿಂದೆಯೇ ವಾಮದಪದವಿನವರು, ವೇಣೂರಿನವರು. ಒಮ್ಮೆ ಕೊಟ್ಟ ಹೇಳಿಕೆಯನ್ನು ಹಿಂದೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. “ಇದೆಂತ ಮಾಡಿದ್ದು ನೀವು?” ಎಂದ ಸುಗುಣ ಮರುಕ್ಷಣವೇ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರು ನಾವು. ಎರಡೂವರೆ ಗಂಟೆಯೊಳಗೆ ಮೂವತ್ತೆಂಟು ಎಲೆ ಏಳಬೇಕು. ಬಂದವರೇ ತೆಂಗಿನಕಾಯಿ ತುರಿದು, ಸೌತೆಕಾಯಿ ಹೆಚ್ಚಿ, ಪಾಯಸ ಕದಡಿ, ತಮಗೆ ತಾವೇ ಬಡಿಸಿಕೊಂಡು, ನನ್ನ ಆತಿಥ್ಯವನ್ನು ಕೊಂಡಾಡಿ ಹೋದರು. ನಾನು ಮಾತ್ರ ಇಡೀ ಸಂಜೆ ಗೇಟಿನ ಕಡೆ ನೋಡುತ್ತಿದ್ದೆ. ಅತ್ತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವರ ಉತ್ತರ ಬಂತು. ನನ್ನ ಸರ್ವರು ಅಂಗಭಂಗವಿಲ್ಲದೆ ಬರಮಾಡಿಕೊಂಡ ಮೊದಲ ಕನ್ನಡ ಪತ್ರ ಅದು: ‘ಅಕ್ಷರ ಎಲ್ಲ ಸರಿ ಉಂಟು. ಒಂದೂ ತಪ್ಪಿಲ್ಲ. ಹೇಳಿಕೆ ಇನ್ನೂ ಬರಲಿಲ್ಲ.’

ನನಗೆ ನಾಚಿಕೆಯಾಯಿತು. ಐದು ವರ್ಷ ಒಂದು ಬಡಪಾಯಿ ತಂತ್ರಾಂಶದ ಹಿಂದೆ ಅಡಗಿ ಕುಳಿತಿದ್ದೆ. ಅದನ್ನು ನಾನೇ ದುರಸ್ತಿ ಮಾಡಿ, ಅಡಗಲು ಜಾಗವಿಲ್ಲದ ಹಾಗೆ ಮಾಡಿಕೊಂಡಿದ್ದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಕಕ್ಕಿಂಜೆಗೆ ಹೋದಾಗ ಅತ್ತೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕುಳಿತವನೇ ಬೈಟುಗಳ ಪುರಾಣ ಬಿಚ್ಚಿದೆ. ಅವರು ಉತ್ತರಪತ್ರಿಕೆ ತಿದ್ದುವ ಮುಖಮಾಡಿ ಸ್ವಲ್ಪ ಹೊತ್ತು ಕೇಳಿದರು.

“ಆ ಕತೆ ಸಾಕು ಮಾರಾಯ. ನೀನು ಬಂದದ್ದು ಎಂತಕ್ಕೆ?”

“ಅತ್ತೆ, ನೀವು ನಮ್ಮ ಮನೆಗೆ ಬರಬೇಕು.”

“ಎಂತ ಕಾರ್ಯಕ್ರಮ?”

“ಏನೂ ಇಲ್ಲ.”

“ಯಾವಾಗ?”

ಅದನ್ನು ನಾನು ಯೋಚಿಸಿರಲೇ ಇಲ್ಲ. “ಈಗ” ಎಂದುಬಿಟ್ಟೆ.

ಅತ್ತೆ ಕನ್ನಡಕ ತೆಗೆದು, ಪೇಪರ್ ಮಡಚಿಟ್ಟು ಒಳಗೆ ಹೋದರು. ಕಪಾಟು ತೆರೆದ ಸದ್ದಾಯಿತು. ಬಹಳ ಹೊತ್ತಾದ ಮೇಲೆ, ಮಡಿಕೆಯ ಗೆರೆ ಇನ್ನೂ ಮಾಸದ ಹಸಿರು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದು, ಅಂಚಿಗೆ ಅಂಟಿದ್ದ ಅಂಗಡಿಯ ಚೀಟಿಯನ್ನು ಕಿತ್ತು ನನ್ನ ಕೈಗೆ ಕೊಟ್ಟರು.

“ನಿನ್ನ ಮನೆ ಒಕ್ಕಲಿಗೆ ಅಂತ ತೆಗೆದದ್ದು. ಹೊರಡುವ.”