ಹಾಲ್ ಟ್ರೀ ಎಂದರೆ ಮರವೇ?

ಆಸ್ಪತ್ರೆಯ ಮಾತಿನ ವಿಭಾಗದಲ್ಲಿ ಒಂಬತ್ತನೆಯ ಚಿತ್ರ ತೋರಿಸಿದಾಗ ಗೂಟದಣ್ಣ ಮೊದಲ ಸಲ ತಡವರಿಸದೆ ಬಾಯಿಬಿಟ್ಟರು.

"ಮರ."

ಡಾಕ್ಟರಮ್ಮ ಕಾಗದದ ಮೇಲೆ ತಪ್ಪಿನ ಗುರುತು ಹಾಕಿದರು. ಚಿತ್ರದಲ್ಲಿದ್ದದ್ದು ಗಿಡಮರವಲ್ಲ ನಿಜ. ಬಾಗಿಲ ಬಳಿ ನಿಲ್ಲಿಸಿ ಕೋಟು, ಛತ್ರಿ ತೂಗುಹಾಕುವ ಸ್ಟ್ಯಾಂಡು. ಯಾವುದೋ ಹೊರದೇಶದ ಕಾರ್ಡು. ಕೆಳಗೆ ಇಂಗ್ಲಿಷಿನಲ್ಲಿ ಹಾಲ್ ಟ್ರೀ ಎಂದು ಬರೆದಿತ್ತು. ಆ ಮಾತಿನ ಅರ್ಥವನ್ನು ಗೂಟದಣ್ಣನಿಗೆ ಹೇಳಿಕೊಟ್ಟವಳು ನಾನೇ.

ಅವರು ನಮ್ಮ ಕೆಳಗಿನ ಮನೆಯ ಬಡಗಿ. ಎದುರು ಗಲ್ಲಿಯಲ್ಲಿ ತಮ್ಮನ ಜೊತೆ ಮೂವತ್ತು ವರ್ಷದಿಂದ ಮರಗೆಲಸದ ಶೆಡ್ಡು ನಡೆಸುತ್ತಿದ್ದರು. ಬಟ್ಟೆ ತೂಗುಹಾಕುವ ಗೂಟಗಳನ್ನು ಅವರಷ್ಟು ನಯವಾಗಿ ಕಡೆಯುವವರು ಇಲ್ಲವಾದ್ದರಿಂದ ಆ ಹೆಸರು. ಯಾರಾದರೂ ರೇಗಿಸಿದರೆ, "ಎಲ್ರೂ ಕುರ್ಚಿಗೆ ಗೂಟ ಹೊಡ್ಕೊಂಡು ಕೂರ್ತಾರೆ. ಗೂಟ ಹೊಡ್ದೂ ನಿಂತ್ಕೊಂಡೇ ಇರೋನು ನಾನೊಬ್ನೇ" ಎನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಬ್ಬ ಗಿರಾಕಿ ಫೋನಿನಲ್ಲಿ ಹಾಲ್ ಟ್ರೀ ಬೇಕೆಂದ. ಇವರು ಎರಡು ದಿನ ಕೂತು, ಆರು ಲೋಟ ಅಲ್ಲಾಡದೆ ಕೂರುವಂತೆ ಗುಂಡನೆಯ ಕುಳಿ ತೆಗೆದು, ಹಾಲಿಡುವ ಟ್ರೇ ಮಾಡಿಟ್ಟರು. ಗಿರಾಕಿ ಬಂದವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಗೂಟದಣ್ಣ ಆ ಟ್ರೇ ಹಿಡಿದೇ ಮೆಟ್ಟಿಲು ಹತ್ತಿ ಬಂದರು.

"ತಂಗೀ, ಓದಿದೋಳು ನೀನು. ಏನಮ್ಮಾ ಇದು ಹಾಲ್ ಟ್ರೀ ಅಂದ್ರೆ? ಮಾನ ಹೋಯ್ತು."

ನಿಘಂಟು ತೆಗೆದೆ. ನಮ್ಮ ಮಾತಿನಲ್ಲಿ ಹಾಲ್ ಎಂದರೆ ಸೋಫಾ, ಟಿವಿ ಇರುವ ದೊಡ್ಡ ಕೋಣೆ. ಈ ಹಾಲ್ ಅದಲ್ಲ, ಬಾಗಿಲು ತೆರೆದ ಕೂಡಲೇ ಸಿಗುವ ಇಕ್ಕಟ್ಟಿನ ದಾರಿ. ಅಲ್ಲಿ ಎದ್ದು ನಿಂತಿರುವ ಒಂದು ಕಂಬ, ಕೊಂಬೆಗಳಂತೆ ಅದಕ್ಕೆ ಗೂಟಗಳು. ಕೆಲವಕ್ಕೆ ಕನ್ನಡಿ, ಕೂತು ಶೂ ಕಟ್ಟಿಕೊಳ್ಳಲು ಪುಟ್ಟ ಬೆಂಚು. ಹಾಲ್ ಸ್ಟ್ಯಾಂಡ್ ಎಂದೂ ಕರೆಯುತ್ತಾರೆ, ಟ್ರೀ ಎಂದದ್ದು ಆಕಾರ ನೋಡಿ ಎಂದೆಲ್ಲ ಓದಿ ಹೇಳಿದೆ.

"ಅಂದ್ರೆ ಒಳಗೆ ಹೋಗೋ ಮುಂಚೆ ಮೈಮೇಲಿನ ಭಾರ ಇಳಿಸೋ ಜಾಗ ಅನ್ನು" ಎಂದರು. ಆಮೇಲೆ ಅವರಿಗೇ ನಗು ಬಂತು. "ಮರಾನ ಕೊಯ್ದು, ಕೀಸಿ, ಉಜ್ಜಿ, ಕೊನೆಗೆ ಮತ್ತೆ ಮರಾನೇ ಮಾಡೋದಾ? ಒಳ್ಳೆ ಕಥೆ."

ಅಂದಿನಿಂದ ಅವರ ಬಾಯಲ್ಲಿ ಆ ಸಾಮಾನಿಗೆ ಮರ ಎಂದೇ ಹೆಸರು. "ಎರಡು ಮರ ಮುಗೀತು ಕಣೋ, ಪಾಲಿಶ್ ಹೊಡಿ" ಎಂದು ತಮ್ಮನನ್ನು ಕೂಗುವುದು ನಮ್ಮ ಬಾಲ್ಕನಿಗೆ ಕೇಳಿಸುತ್ತಿತ್ತು.

ಏಳು ತಿಂಗಳ ಹಿಂದೆ ಶೆಡ್ಡಿನಲ್ಲೇ ಸ್ಟ್ರೋಕ್ ಆಯಿತು. ಕಾಲು ಬಂತು, ಕೈಯೂ ಹೆಚ್ಚುಕಡಿಮೆ ಬಂತು. ಮಾತು ಬರಲಿಲ್ಲ. ಶೆಡ್ಡಿಗೆ ಹೋಗಬೇಕೆಂದು ದಿನವೂ ಬಾಗಿಲು ತೋರಿಸಿ ಹಟ. ಅವರ ತಮ್ಮ ಬಂದು ಅತ್ತಿಗೆಯ ಮುಂದೆ ಕೈ ಕಟ್ಟಿ ನಿಂತು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ:

"ನಾವು ಹೇಳಿದ್ದು ಅಣ್ಣಂಗೆ ಅರ್ಥ ಆಗುತ್ತೆ ಅಂತ ಡಾಕ್ಟ್ರು ಬರೆದುಕೊಟ್ರೆ ನಾಳೇನೇ ಬರ್ಲಿ ಅತ್ತಿಗೆ. 'ನಿಲ್ಸು' ಅಂದಾಗ ನಿಲ್ಲಿಸ್ದೆ ಮೆಷಿನ್ನಿಗೆ ಕೈ ಕೊಟ್ರೆ ನಾನೇನ್ ಮಾಡ್ಲಿ?"

ಅವನದು ತಪ್ಪು ಅನ್ನಲಾರೆ. ಆ ಕಾಗದಕ್ಕಾಗಿಯೇ ಇವರು ಆಸ್ಪತ್ರೆಗೆ ಬಂದದ್ದು. ನಾನು ಹೋದದ್ದು ಮಗಳಿಗಾಗಿ. ಎರಡೂವರೆ ವರ್ಷವಾದರೂ ಅವಳಿಗೆ ಎರಡೇ ಮಾತು, ಬಾ ಮತ್ತು ಬೇಡ. ನಮ್ಮ ಸರದಿ ಅವರ ನಂತರ. "ನೀನೂ ಒಳಗೆ ಬಾರಮ್ಮ, ಇಂಗ್ಲಿಷಲ್ಲೇನಾದ್ರೂ ಅಂದ್ರೆ ನನಗೆ ತಿಳಿಯಲ್ಲ" ಎಂದು ಅವರ ಹೆಂಡತಿ ಕರೆದಿದ್ದರಿಂದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲಿದ್ದೆ.

ಸುಮ್ಮನಿರಲಾಗಲಿಲ್ಲ. "ಮೇಡಂ, ಅದು ತಪ್ಪಲ್ಲ. ಅವರು ಅದನ್ನ ಮರ ಅಂತಾನೇ ಕರೆಯೋದು. ಮಾಡಿರೋರೇ ಅವ್ರು" ಎಂದು ಟ್ರೇಯ ಕಥೆಯನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ಒಳ್ಳೆಯವರು. ನಕ್ಕರು, ತಪ್ಪನ್ನು ಹೊಡೆದುಹಾಕಿ ಸರಿ ಮಾಡಿದರು. ಗೂಟದಣ್ಣನ ಹೆಂಡತಿ ಮೇಜಿನ ಕೆಳಗೆ ನನ್ನ ಕೈ ಹಿಡಿದು ಹಿಸುಕಿದರು. "ನೋಡಿದ್ರಾ? ಒಳಗೆ ಎಲ್ಲಾ ಇದೆ ಅವರಿಗೆ."

ಹತ್ತನೆಯ ಕಾರ್ಡು, ಮೀನು.

"ಮರ" ಎಂದರು ಗೂಟದಣ್ಣ.

ಬಾಚಣಿಗೆ. "ಮರ." ಚಮಚ. "ಮರ." ಪ್ರತಿ ಸಲವೂ ಅದೇ ಧೈರ್ಯ, ಅದೇ ಖುಷಿ, ಪರೀಕ್ಷೆ ಗೆದ್ದವರ ಮುಖ. ನನ್ನ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು.

"ಒಂದು ಶಬ್ದ ಸಿಕ್ರೆ ಅದರಲ್ಲೇ ಸಿಕ್ಕಿಹಾಕ್ಕೊಳ್ತಾರೆ" ಎಂದರು ಡಾಕ್ಟರಮ್ಮ ಮೆಲ್ಲಗೆ.

"ಹಾಗಾದ್ರೆ ಆ ಒಂಬತ್ತನೇದು?" ಎಂದೆ.

"ಗೊತ್ತಿದ್ದೇ ಬಂದಿರಬಹುದು. ಇಲ್ದೇನೂ ಇರಬಹುದು. ನನಗೂ ಗೊತ್ತಿಲ್ಲಮ್ಮ."

ಚಿತ್ರಗಳನ್ನು ಎತ್ತಿಟ್ಟು, ತಾವೇ ಮೇಜು ತಟ್ಟಿ ತೋರಿಸಿ, "ಹೀಗೆ ತಟ್ಟಿ" ಎಂದರು. ಗೂಟದಣ್ಣ ತಟ್ಟಿದರು. "ಸಾಕು, ನಿಲ್ಸಿ." ಅವರು ತಟ್ಟುತ್ತಲೇ ಇದ್ದರು. "ನಿಲ್ಸಿ ಅಣ್ಣ" ಎಂದೆ ನಾನು. ತಟ್ಟುತ್ತಲೇ ಇದ್ದರು, ಡಾಕ್ಟರಮ್ಮನ ಮುಖವನ್ನೇ ನೋಡುತ್ತ, ಇನ್ನೂ ಚೆನ್ನಾಗಿ ತಟ್ಟಬೇಕೇನೋ ಎಂಬಂತೆ. ಕೊನೆಗೆ ಹೆಂಡತಿ ಆ ಕೈಯ ಮೇಲೆ ತಮ್ಮ ಅಂಗೈ ಇಟ್ಟರು. ಆಗ ನಿಂತಿತು.

ಯಂತ್ರದ ಹತ್ತಿರ ಬಿಡಬಾರದು ಎಂದು ಡಾಕ್ಟರಮ್ಮ ಕಾಗದದಲ್ಲಿ ಬರೆದರು. ಹೊರಗೆ ನನ್ನ ಮಗಳ ಹೆಸರು ಕರೆದರು. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಅವಳನ್ನು ಎತ್ತಿಕೊಂಡು ಓಡಿಬಂದೆ.

ತಮ್ಮ ಆ ಕಾಗದವನ್ನು ಎರಡು ಸಲ ಓದಿದ. "ನನಗೇನು ಸಂತೋಷಾನಾ ಅತ್ತಿಗೆ?" ಎಂದಷ್ಟೇ ಹೇಳಿ ಜೇಬಿಗಿಟ್ಟುಕೊಂಡ. "ಇನ್ನು ಶೆಡ್ಡಿಗೆ ಹೋಗೋದು ಬೇಡ ರೀ, ತಿಳೀತಾ?" ಎಂದು ಹೆಂಡತಿ ಕೇಳಿದ್ದಕ್ಕೆ ಗೂಟದಣ್ಣ ಜೋರಾಗಿ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸದ ಅಂಗಿ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಹೆಂಡತಿ ಒಲೆ ಆರಿಸಿ ಹಿಂದೆ ಓಡಿದರು. ಅದರ ಮರುದಿನವೂ ಅದೇ. ಈಗ ತಿಂಗಳಾಯಿತು. ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ತಮ್ಮ ಒಂದು ಉದ್ದನೆಯ ಹಲಗೆ ಇಟ್ಟಿದ್ದಾನೆ. ಇವರು ಅದರ ಈಚೆ ನಿಲ್ಲುತ್ತಾರೆ, ಪಕ್ಕದಲ್ಲಿ ಹೆಂಡತಿ. ಗರಗಸದ ಮೆಷಿನ್ ಓಡಿದಾಗ ಇವರ ಕತ್ತು ಮುಂದಕ್ಕೆ ಚಾಚುತ್ತದೆ. ಬಂದ ಗಿರಾಕಿಗಳು ಇಬ್ಬರನ್ನೂ ಸುತ್ತು ಬಳಸಿ, ಹಲಗೆ ದಾಟಿ ಒಳಗೆ ಹೋಗುತ್ತಾರೆ.

ನಿನ್ನೆ ನಾನು ಅಂಗಡಿಯಿಂದ ಬರುವಾಗ ತಮ್ಮ ಮೆಷಿನ್ ನಿಲ್ಲಿಸಿ ಹಲಗೆಯ ಬಳಿ ಬಂದ. ಕಣ್ಣು ಕೆಂಪಾಗಿತ್ತು, ಧೂಳಿಗೋ ಏನೋ.

"ಅತ್ತಿಗೆ, ಕೈ ಮುಗೀತೀನಿ. ನಾಳೆಯಿಂದ ಅಣ್ಣನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ. ನನಗೆ ಕೆಲಸ ಮಾಡೋಕಾಗ್ತಿಲ್ಲ."

"ನಾನೆಲ್ಲಿ ಕರ್ಕೊಂಡು ಬರ್ತಿದೀನಪ್ಪಾ" ಎಂದರು ಆಕೆ. "ಅವರೇ ನನ್ನ ಕರ್ಕೊಂಡು ಬರ್ತಾರೆ."

ಅವನು ಒಳಗಿನಿಂದ ಶಟರ್ ಎಳೆದುಕೊಂಡ.